ಬಾಗಿಲು ಕಾಯುವವರಿಲ್ಲದ ಚಿತ್ರಶಾಲೆ

ಗೋಡೆಯ ಮೇಲೆ, ತೊಗಲಿನ ಮೇಲೆ, ಬಟ್ಟೆಯ ಮೇಲೆ ಚಿತ್ರ ಬರೆದು ಕಥೆ ಹೇಳುವ ವಿದ್ಯೆ ಮನುಷ್ಯನಿಗೆ ಬಹು ಹಿಂದೆಯೇ ಸಿದ್ಧಿಸಿತ್ತು. ಆದರೆ ನಾಲ್ಕಾರು ಚೌಕಗಳಲ್ಲಿ ಚಿತ್ರ ಹಾಕಿ, ಪಾತ್ರಗಳ ತಲೆಯ ಮೇಲೆ ಮಾತಿನ ಗುಳ್ಳೆಯನ್ನು ತೇಲಿಬಿಟ್ಟು, ದಿನಕ್ಕೊಂದು ಕಂತಿನಂತೆ ಅದನ್ನು ಮನೆಮನೆಗೂ ಮುಟ್ಟಿಸುವ ಕಲೆ ಬೆಳೆದುದು ವೃತ್ತಪತ್ರಿಕೆಯ ಮಡಿಲಲ್ಲಿ. ಸುಮಾರು ನೂರು ವರ್ಷಗಳ ಕಾಲ ಪತ್ರಿಕೆಯೇ ಈ ಕಲೆಗೆ ತಾಯಿ, ಪತ್ರಿಕೆಯೇ ಯಜಮಾನ. ತಾಯಿಯ ಮಮತೆ ಇದ್ದಂತೆ ಯಜಮಾನನ ಕಟ್ಟುಪಾಡೂ ಅಲ್ಲಿತ್ತು. ಕಲೆಗಾರನಿಗೆ ಕೊಟ್ಟ ಸ್ಥಳ ಇಷ್ಟೇ ಅಗಲ, ಇಷ್ಟೇ ಎತ್ತರ. ಆಡಬಹುದಾದ ಮಾತು ಇಂಥದು, ಆಡಬಾರದ ಮಾತು ಇಂಥದು.

ಈ ಕಟ್ಟುಪಾಡಿನಿಂದ ಹೊರಬಂದ ಚಿತ್ರಕಥೆಯ ಒಂದು ಹೊಸ ಕುಲ ಕಳೆದ ಮೂವತ್ತು ವರ್ಷಗಳಲ್ಲಿ ಅಂತರಜಾಲದಲ್ಲಿ ಹುಟ್ಟಿ, ಕವಲೊಡೆದು, ಈಗ ಪ್ರಪಂಚವನ್ನೆಲ್ಲ ವ್ಯಾಪಿಸಿದೆ. ಜಗತ್ತು ಅದನ್ನು ವೆಬ್‌ಕಾಮಿಕ್ ಎಂದು ಕರೆಯುತ್ತದೆ. ನಾವು ಜಾಲಚಿತ್ರಕಥೆ ಎಂದು ಕರೆಯಬಹುದು. ಕಲೆಗಾರ ತಾನೇ ಬರೆದು, ತಾನೇ ಪ್ರಕಟಿಸಿ, ಓದುಗನಿಗೆ ನೇರವಾಗಿ ಒಪ್ಪಿಸುವ ಕಥೆ ಇದು. ನಡುವೆ ಸಂಪಾದಕನಿಲ್ಲ, ಮುದ್ರಕನಿಲ್ಲ, ಮಾರಾಟಗಾರನಿಲ್ಲ. ಬಾಗಿಲು ಕಾಯುವವರು ಯಾರೂ ಇಲ್ಲ.

ಬಾಗಿಲು ಕಾಯುವವನೆಂದರೆ ನಮಗೆ ಸಾಮಾನ್ಯವಾಗಿ ತಿರಸ್ಕಾರ. ಆದರೆ ಅವನು ಸುಮ್ಮನೆ ನಿಂತವನಲ್ಲ. ಅವನು ಮಾಡುತ್ತಿದ್ದ ಕೆಲಸಗಳು ಮೂರು. ಯೋಗ್ಯವಾದುದನ್ನು ಆರಿಸುವುದು ಒಂದು, ಆರಿಸಿದವನಿಗೆ ಅನ್ನ ಕೊಡುವುದು ಇನ್ನೊಂದು, ಅಚ್ಚಾದುದನ್ನು ಮುಂದಿನವರಿಗಾಗಿ ಕಾಪಿಡುವುದು ಮೂರನೆಯದು. ಬಾಗಿಲು ಕಾಯುವವನನ್ನು ಮನೆಗೆ ಕಳುಹಿಸಿದ ಮೇಲೆ ಈ ಮೂರು ಕೆಲಸಗಳನ್ನು ಯಾರು ಮಾಡಬೇಕು? ಜಾಲಚಿತ್ರಕಥೆಯ ಇತಿಹಾಸವೆಲ್ಲ ಈ ಪ್ರಶ್ನೆಗೆ ಒಂದೊಂದಾಗಿ ಉತ್ತರ ಹುಡುಕಿದ ಇತಿಹಾಸವೆಂದರೆ ತಪ್ಪಾಗಲಾರದು.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಪತ್ರಿಕೆಯ ಚಿತ್ರಕಥೆ ತನ್ನ ಉತ್ತುಂಗವನ್ನು ಮುಟ್ಟಿದ ಕಾಲದಲ್ಲಿಯೇ ಅದರ ಇಕ್ಕಟ್ಟು ಎಲ್ಲರಿಗೂ ಕಾಣಿಸಿತು. ಅಮೆರಿಕದ ಬಿಲ್ ವಾಟರ್‌ಸನ್ನರ ‘ಕ್ಯಾಲ್ವಿನ್ ಅಂಡ್ ಹಾಬ್ಸ್’ 1985ರ ನವೆಂಬರಿನಲ್ಲಿ ಮೊದಲಾಯಿತು. ಆರು ವರ್ಷದ ಒಬ್ಬ ಹುಡುಗ, ಅವನ ಕಣ್ಣಿಗೆ ಮಾತ್ರ ಜೀವಂತವಾದ ಒಂದು ಬಟ್ಟೆಯ ಹುಲಿ. ಇವರಿಬ್ಬರ ಮಾತುಕತೆಯಲ್ಲಿ ಬಾಲ್ಯದ ತುಂಟತನವೂ ದೊಡ್ಡವರ ತತ್ತ್ವಜಿಜ್ಞಾಸೆಯೂ ಹೊಸೆದುಕೊಂಡಿದ್ದವು. ಜಗತ್ತು ಮೆಚ್ಚಿತು. ಆದರೆ ಕರ್ತೃವಿಗೆ ನೆಮ್ಮದಿಯಿರಲಿಲ್ಲ. ತನ್ನ ಪಾತ್ರಗಳನ್ನು ಗೊಂಬೆಗಳನ್ನಾಗಿ, ಬಟ್ಟಲಿನ ಮೇಲಣ ಚಿತ್ರಗಳನ್ನಾಗಿ ಮಾರಬಾರದೆಂದು ಅವರು ಪತ್ರಿಕೆಗಳಿಗೆ ಚಿತ್ರ ಹಂಚುವ ಸಂಸ್ಥೆಯೊಡನೆ ವರ್ಷಗಟ್ಟಲೆ ಹೋರಾಡಬೇಕಾಯಿತು. ಭಾನುವಾರದ ಪುಟದಲ್ಲಿ ತಮ್ಮ ಚಿತ್ರಕ್ಕೆ ಅರ್ಧಪುಟವನ್ನು ಕತ್ತರಿಸದೆ ಬಿಟ್ಟುಕೊಡಬೇಕೆಂಬ ಬೇಡಿಕೆಯನ್ನು ಅವರು ಗೆದ್ದುದು 1992ರ ಸುಮಾರಿಗೆ. 1995ರ ಡಿಸೆಂಬರ್ 31, ಭಾನುವಾರ, ಕೊನೆಯ ಕಂತನ್ನು ಬರೆದು ಅವರು ಲೇಖನಿಯನ್ನು ಕೆಳಗಿಟ್ಟರು. ಕೀರ್ತಿಯ ಶಿಖರದಲ್ಲಿದ್ದವರಿಗೇ ಅರ್ಧಪುಟಕ್ಕಾಗಿ ಇಷ್ಟು ಹೆಣಗಾಟವಾದರೆ ಹೊಸಬರ ಪಾಡೇನು?

ಬಾಗಿಲು ಕಾಯುವವರು ಎಡವುವುದೂ ಉಂಟು. ಇದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ಮೈಸೂರಿನ ತರುಣ ಆರ್. ಕೆ. ಲಕ್ಷ್ಮಣರು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಪ್ರವೇಶ ಬೇಡಿದಾಗ, ಅವರ ಚಿತ್ರಗಳಲ್ಲಿ ಸಾಕಷ್ಟು ಪ್ರತಿಭೆ ಕಾಣಲಿಲ್ಲವೆಂದು ಶಾಲೆ ಅವರನ್ನು ಹಿಂದಕ್ಕೆ ಕಳುಹಿಸಿತು. ಮುಂದೆ ಅದೇ ಮುಂಬಯಿಯಲ್ಲಿ ಅವರು ಭಾರತದ ‘ಶ್ರೀಸಾಮಾನ್ಯ’ನಿಗೆ ರೂಪ ಕೊಟ್ಟುದನ್ನು ನಾವೆಲ್ಲ ಬಲ್ಲೆವು. ಆದರೆ ಅದೇ ತರುಣನಿಗೆ ಇನ್ನೊಂದು ಬಾಗಿಲು ತೆರೆದಿತ್ತೆಂಬುದನ್ನೂ ಮರೆಯಬಾರದು. ರಾ. ಶಿ.ಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಅವರ ರೇಖೆಗಳಿಗೆ ತನ್ನ ಪುಟಗಳನ್ನು ಬಿಟ್ಟುಕೊಟ್ಟಿತ್ತು. ಬಾಗಿಲಲ್ಲಿ ನಿಂತವನು ರಸಿಕನಾಗಿದ್ದರೆ ಅವನಿಂದ ಕಲೆಗೆ ಉಪಕಾರವೂ ಆಗುತ್ತದೆ. ಅಂಥವನು ಎಲ್ಲರಿಗೂ ದೊರೆಯುವನೆಂಬ ಭರವಸೆ ಮಾತ್ರ ಇಲ್ಲ.

ವಾಟರ್‌ಸನ್ನರು ಲೇಖನಿ ಕೆಳಗಿಡುವ ಹೊತ್ತಿಗಾಗಲೇ ಇನ್ನೊಂದು ದಾರಿ ತೆರೆದಿತ್ತು. ಹ್ಯಾನ್ಸ್ ಬಿಯೋರ್ಡಾಲರು ‘ವೇರ್ ದ ಬಫಲೋ ರೋಮ್’ ಎಂಬ ಚಿತ್ರಮಾಲೆಯನ್ನು 1990ರ ದಶಕದ ಮೊದಲಲ್ಲಿಯೇ ಕಂಪ್ಯೂಟರುಗಳ ಜಾಲದ ಮೂಲಕ ಹಂಚಿದ್ದರು. 1993ರ ಸೆಪ್ಟೆಂಬರಿನಲ್ಲಿ ಡೇವಿಡ್ ಫಾರ್ಲಿಯವರ ‘ಡಾಕ್ಟರ್ ಫನ್’ ವಿಶ್ವವ್ಯಾಪಿ ಜಾಲದಲ್ಲಿ ಕಾಣಿಸಿಕೊಂಡಿತು. 1997ರ ಆಗಸ್ಟಿನಲ್ಲಿ ಪೀಟ್ ಏಬ್ರಮ್ಸರ ‘ಸ್ಲಗ್ಗಿ ಫ್ರೀಲಾನ್ಸ್’, ಅದೇ ವರ್ಷದ ನವೆಂಬರಿನಲ್ಲಿ ಜೆ. ಡಿ. ಫ್ರೇಜರರ ‘ಯೂಸರ್ ಫ್ರೆಂಡ್ಲಿ’, ಮರುವರ್ಷದ ನವೆಂಬರಿನಲ್ಲಿ ಮೈಕ್ ಕ್ರಾಹುಲಿಕ್ ಮತ್ತು ಜೆರಿ ಹಾಲ್‌ಕಿನ್ಸರ ‘ಪೆನ್ನಿ ಆರ್ಕೇಡ್’ ಹುಟ್ಟಿದವು. ದೂರವಾಣಿಯ ತಂತಿಯಲ್ಲಿ ಒಂದು ಚಿತ್ರ ಇಳಿದುಬರಲು ಮಿನಿಟುಗಳೇ ಹಿಡಿಯುತ್ತಿದ್ದ ಕಾಲವದು. ಆದರೂ ಓದುಗರು ತಾಳ್ಮೆಯಿಂದ ಕಾದರು. ತಮ್ಮಂಥವರಿಗಾಗಿ ತಮ್ಮಂಥವರೇ ಬರೆದ ಚಿತ್ರವೆಂಬ ಆತ್ಮೀಯತೆ ಅದರಲ್ಲಿತ್ತು. ಕಂಪ್ಯೂಟರಿನ ಕಚೇರಿಯವರ ಹಾಸ್ಯವನ್ನು ಕಂಪ್ಯೂಟರಿನ ಕಚೇರಿಯವರೇ ಓದಿ ನಕ್ಕರು. ಆರಿಸುವ ಕೆಲಸ ಹೀಗೆ ಓದುಗನ ಕೈಸೇರಿತು. ನೂರಾರು ಬಂದವು, ಹಲವು ಬಾಡಿದವು; ಜನ ಮತ್ತೆ ಮತ್ತೆ ಹುಡುಕಿಕೊಂಡು ಹೋದವು ಉಳಿದವು.

ಅಂಚಿಲ್ಲದ ಹಾಳೆ

ಸ್ಥಳದ ಇಕ್ಕಟ್ಟು ಹೋದ ಮೇಲೆ ಕಲೆಯ ರೂಪವೇ ಬದಲಾಗಬೇಕಲ್ಲವೆ? ಹೀಗೆಂದು ಮೊದಲು ಗಟ್ಟಿಯಾಗಿ ಕೇಳಿದವರು ಸ್ಕಾಟ್ ಮೆಕ್‌ಕ್ಲೌಡ್. ಚಿತ್ರಕಥೆಯ ಮೀಮಾಂಸೆಯನ್ನು ಚಿತ್ರಕಥೆಯ ರೂಪದಲ್ಲಿಯೇ ಬರೆದು 1993ರಲ್ಲಿ ಹೆಸರಾದವರು ಇವರು. 2000ದಲ್ಲಿ ಪ್ರಕಟವಾದ ಇನ್ನೊಂದು ಗ್ರಂಥದಲ್ಲಿ ‘ಅನಂತ ಪಟ’ದ ಕಲ್ಪನೆಯನ್ನು ಮಂಡಿಸಿದರು. ಕಂಪ್ಯೂಟರಿನ ಪರದೆಯನ್ನು ಪುಸ್ತಕದ ಪುಟವೆಂದು ಏಕೆ ಎಣಿಸಬೇಕು? ಅದೊಂದು ಕಿಟಕಿ, ಕಿಟಕಿಯ ಆಚೆಗಿರುವ ಚಿತ್ರ ಎಷ್ಟು ಉದ್ದವಾದರೂ ಇರಬಹುದು, ಯಾವ ದಿಕ್ಕಿಗಾದರೂ ಚಾಚಬಹುದು, ಎಂಬುದು ಅವರ ವಾದ.

ಹೊಯ್ಸಳ ದೇವಾಲಯಗಳನ್ನು ಕಂಡವರಿಗೆ ಈ ಮಾತು ತೀರ ಹೊಸದೆನಿಸದು. ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಅಮೃತೇಶ್ವರನ ಗುಡಿಯ ಮಂಟಪವನ್ನು ಬಳಸಿದ ಗೋಡೆಯ ಮೇಲೆ 140 ಶಿಲ್ಪಫಲಕಗಳಿವೆ. ದಕ್ಷಿಣದ 70 ಫಲಕಗಳಲ್ಲಿ ರಾಮಾಯಣ. ಉತ್ತರದ 70ರಲ್ಲಿ ಕೃಷ್ಣನ ಕಥೆ ಮತ್ತು ಭಾರತ. ಅಲ್ಲಿ ಪುಟ ತಿರುಗಿಸುವಂತಿಲ್ಲ, ಓದುಗನೇ ನಡೆಯಬೇಕು. ಕಥೆಯ ಉದ್ದವೆಷ್ಟೋ ಗೋಡೆಯ ಉದ್ದವಷ್ಟು. ಅಚ್ಚಿನ ಯಂತ್ರ ಬಂದು ಕಥೆಯನ್ನು ಪುಟಗಳಾಗಿ ಕತ್ತರಿಸುವ ಮುನ್ನ ಇದ್ದ ಈ ಸ್ವಾತಂತ್ರ್ಯ ಜಾಲದಲ್ಲಿ ಮರಳಿ ದೊರೆತಂತಾಯಿತು.

ಈ ಸ್ವಾತಂತ್ರ್ಯವನ್ನು ಕಲೆಗಾರರು ಬಗೆಬಗೆಯಾಗಿ ಬಳಸಿಕೊಂಡರು. ಕೆನಡಾದ ರಯಾನ್ ನಾರ್ತ್ ವಿಚಿತ್ರವಾದ ಒಂದು ವ್ರತವನ್ನೇ ಹಿಡಿದರು. 2003ರಲ್ಲಿ ಮೊದಲಾದ ಅವರ ‘ಡೈನಾಸಾರ್ ಕಾಮಿಕ್ಸ್’ನಲ್ಲಿ ಪ್ರತಿ ಕಂತಿನಲ್ಲಿಯೂ ಚಿತ್ರಗಳು ಅವೇ, ಬದಲಾಗುವುದು ಮಾತು ಮಾತ್ರ. ಚಿತ್ರ ನಿಂತಲ್ಲೇ ನಿಂತಿದ್ದರೂ ಮಾತಿನ ಬಲದಿಂದಲೇ ಸಾವಿರಾರು ಕಂತುಗಳು ಹೊಸದಾಗಿ ತೋರಬಲ್ಲವೆಂಬುದನ್ನು ಅವರು ಸಾಧಿಸಿದರು. ಭೌತಶಾಸ್ತ್ರ ಓದಿದ ರ‍್ಯಾಂಡಲ್ ಮನ್ರೋ ತಮ್ಮ ನೋಟುಪುಸ್ತಕದ ಅಂಚಿನಲ್ಲಿ ಗೀಚಿದ್ದ ಚಿತ್ರಗಳನ್ನು 2005ರಲ್ಲಿ ಜಾಲಕ್ಕೇರಿಸಿದರು, ಅದೇ ‘ಎಕ್ಸ್‌ಕೆಸಿಡಿ’. ಅದರ ಪಾತ್ರಗಳಿಗೆ ಮುಖವೇ ಇಲ್ಲ. ಒಂದು ದುಂಡು ತಲೆ, ನಾಲ್ಕಾರು ಕಡ್ಡಿಗೆರೆ, ಅಷ್ಟೆ. ಆದರೂ ಆ ಕಡ್ಡಿಗಳ ಬಾಯಲ್ಲಿ ಗಣಿತ, ಪ್ರೇಮ, ಮರಣ ಎಲ್ಲವೂ ಬಂದವು.

ಅವರ ‘ಟೈಮ್’ ಎಂಬ ಕೃತಿ ಇಲ್ಲಿ ವಿಶೇಷವಾಗಿ ನೆನೆಯತಕ್ಕದ್ದು. 2013ರ ಮಾರ್ಚ್ 25ರಂದು ಒಂದು ಚಿತ್ರ ಕಾಣಿಸಿತು: ಕಡಲತಡಿಯಲ್ಲಿ ಕುಳಿತ ಇಬ್ಬರು. ಅರ್ಧ ಗಂಟೆ ಕಳೆದ ಮೇಲೆ ಅದೇ ಸ್ಥಳದಲ್ಲಿ ಇನ್ನೊಂದು ಚಿತ್ರ, ಅನಂತರ ಗಂಟೆಗೊಂದು. ಆ ಇಬ್ಬರು ಮರಳಿನ ಕೋಟೆ ಕಟ್ಟಿದರು. ನೀರು ಏರುತ್ತಿರುವುದನ್ನು ಕಂಡರು. ಕಾರಣವನ್ನು ಹುಡುಕುತ್ತ ದೂರ ನಡೆದರು. ನಾಲ್ಕು ತಿಂಗಳಲ್ಲಿ 3,099 ಚಿತ್ರಗಳಾದವು. ಓದುಗರು ಒಂದೊಂದು ಚಿತ್ರಕ್ಕಾಗಿ ಕಾದು ಕುಳಿತು, ರಾತ್ರಿಯ ಆಕಾಶದಲ್ಲಿ ಬರೆದ ನಕ್ಷತ್ರಗಳ ಸ್ಥಾನವನ್ನು ಎಣಿಸಿ, ಕಥೆ ನಡೆಯುವುದು ಬಹು ದೂರದ ಭವಿಷ್ಯತ್ಕಾಲದಲ್ಲಿ ಎಂದು ಕಂಡುಕೊಂಡರು. 2014ರಲ್ಲಿ ಈ ಕೃತಿಗೆ ಹ್ಯೂಗೋ ಪ್ರಶಸ್ತಿ ದೊರೆಯಿತು. ಕಾಲವನ್ನೇ ಕಾಗದವನ್ನಾಗಿ ಮಾಡಿಕೊಂಡ ಇಂಥ ಕಥೆಯನ್ನು ಯಾವ ಪತ್ರಿಕೆಯೂ ಅಚ್ಚುಹಾಕಲು ಸಾಧ್ಯವಿರಲಿಲ್ಲ.

ಅನ್ನದ ಪ್ರಶ್ನೆ

ಕೀರ್ತಿಯಿಂದ ಹೊಟ್ಟೆ ತುಂಬದು. ಜಾಲದಲ್ಲಿ ಎಲ್ಲವನ್ನೂ ಉಚಿತವಾಗಿ ಓದಿ ರೂಢಿಯಾದ ಜನರಿಂದ ಹಣವನ್ನು ಕೇಳುವುದು ಹೇಗೆ? 2002ರ ಮಾರ್ಚಿನಲ್ಲಿ ಜೋಯಿ ಮ್ಯಾನ್ಲಿಯವರು ‘ಮಾಡರ್ನ್ ಟೇಲ್ಸ್’ ಎಂಬ ತಾಣವನ್ನು ತೆರೆದು, ಹಲವು ಕಲೆಗಾರರನ್ನು ಒಂದೆಡೆ ಸೇರಿಸಿ, ತಿಂಗಳಿಗೆ ಮೂರು ಡಾಲರಿಗೂ ಕಡಿಮೆ ಚಂದಾ ಗೊತ್ತುಮಾಡಿದರು. ಮೆಕ್‌ಕ್ಲೌಡರು ಚಿಲ್ಲರೆ ಕಾಸಿನ ವ್ಯಾಪಾರವನ್ನು ನಂಬಿದರು. 2003ರಲ್ಲಿ ತಮ್ಮ ಕಥೆಯೊಂದನ್ನು ಬಿಟ್‌ಪಾಸ್ ಎಂಬ ಸಂಸ್ಥೆಯ ಮೂಲಕ 25 ಸೆಂಟಿಗೆ ಮಾರಿದರು. ಇವೆರಡೂ ಬಹುಕಾಲ ನಿಲ್ಲಲಿಲ್ಲ. ಬಿಟ್‌ಪಾಸ್ 2007ರಲ್ಲಿಯೇ ಬಾಗಿಲು ಹಾಕಿತು.

ಉತ್ತರ ಬಂದುದು ಬೇರೊಂದು ದಿಕ್ಕಿನಿಂದ. ಫಿಲ್ ಮತ್ತು ಕಾಯಾ ಫೊಗ್ಲಿಯೊ ದಂಪತಿಗಳು ‘ಗರ್ಲ್ ಜೀನಿಯಸ್’ ಎಂಬ ತಮ್ಮ ಅಚ್ಚಿನ ಪತ್ರಿಕೆಯನ್ನು 2005ರಲ್ಲಿ ನಿಲ್ಲಿಸಿ, ಕಥೆಯನ್ನು ಜಾಲದಲ್ಲಿ ಉಚಿತವಾಗಿ ಇಟ್ಟರು. ಉಚಿತವಾಗಿ ಓದಿದವರು ಪುಸ್ತಕವನ್ನು ಕೊಳ್ಳಲಾರರೆಂಬುದು ವ್ಯಾಪಾರದ ಲೆಕ್ಕ. ಕೊಂಡರೆಂಬುದು ಅವರ ಅನುಭವ. ಚಿತ್ರಕಥೆಗೆ ಹ್ಯೂಗೋ ಪ್ರಶಸ್ತಿ ಮೊದಲಾದ 2009ರಿಂದ ಸತತವಾಗಿ ಮೂರು ವರ್ಷ ಅವರಿಗೇ ಅದು ಸಂದಿತು. ನಾಲ್ಕನೆಯ ವರ್ಷ, ಇತರರಿಗೂ ಅವಕಾಶವಿರಲೆಂದು, ಅವರು ತಾವಾಗಿಯೇ ಸ್ಪರ್ಧೆಯಿಂದ ಹಿಂದೆ ಸರಿದರು. ಈ ಬಳಗದ ಸೌಜನ್ಯಕ್ಕೆ ಇದೊಂದು ನಿದರ್ಶನ.

2012ರಲ್ಲಿ ನಡೆದುದು ಇನ್ನೂ ಆಶ್ಚರ್ಯಕರ. ‘ಆರ್ಡರ್ ಆಫ್ ದ ಸ್ಟಿಕ್’ನ ಕರ್ತೃ ರಿಚ್ ಬರ್ಲ್ಯೂ, ಮಾರಿ ಮುಗಿದಿದ್ದ ತಮ್ಮ ಪುಸ್ತಕವನ್ನು ಮರುಮುದ್ರಿಸಲು 57,750 ಡಾಲರು ಬೇಕೆಂದು ಕಿಕ್‌ಸ್ಟಾರ್ಟರ್ ಮೂಲಕ ಓದುಗರನ್ನು ಕೇಳಿಕೊಂಡರು. 14,952 ಮಂದಿ ಸೇರಿ 12,54,120 ಡಾಲರನ್ನು ಕೊಟ್ಟರು. ಕಡ್ಡಿಚಿತ್ರದ ಕಥೆಗೆ ಇಷ್ಟು ಹಣ! ಆದರೆ ಅದೇ ವರ್ಷ ಬರ್ಲ್ಯೂ ಅವರ ಕೈಗೆ ಬಲವಾದ ಗಾಯವಾಗಿ ಕಥೆಯೇ ಕೆಲವು ಕಾಲ ನಿಂತುಹೋಯಿತು. ಹದಿನೈದು ಸಾವಿರ ಜನರ ಪ್ರೀತಿ ಒಬ್ಬನ ಒಂದು ಕೈಯನ್ನು ಆಶ್ರಯಿಸಿ ನಿಂತಿತ್ತು. ಯಜಮಾನನಿಲ್ಲದವನಿಗೆ ರಜೆಯೂ ಇಲ್ಲ, ಬದಲಿ ಆಳೂ ಇಲ್ಲ. ಅನಂತರ 2013ರಲ್ಲಿ ಪೇಟ್ರಿಯಾನ್ ಎಂಬ ಏರ್ಪಾಡು ಬಂದು, ಓದುಗರು ತಿಂಗಳಿಗಿಷ್ಟೆಂದು ಕಲೆಗಾರನಿಗೆ ನೇರವಾಗಿ ಕಾಣಿಕೆ ಕೊಡುವ ದಾರಿಯಾಯಿತು. ಹಿಂದೆ ಅರಸನೊಬ್ಬ ಕವಿಯನ್ನು ಸಾಕುತ್ತಿದ್ದ. ಇಂದು ಸಾವಿರ ಮಂದಿ ಸಾಮಾನ್ಯರು ಹಿಡಿಹಿಡಿ ಅಕ್ಕಿ ಹಾಕಿ ಕಲೆಗಾರನ ಮಡಕೆ ತುಂಬಿಸುತ್ತಾರೆ.

ಹೇಳಲು ಬಾಗಿಲಿಲ್ಲದ ಮಾತು

ಹಣದ ಮಾತು ಇರಲಿ. ಈ ಕಲೆ ಏನನ್ನು ಹೇಳಿತು? ಸಾಹಿತ್ಯದ ಓದುಗನಿಗೆ ಮುಖ್ಯವಾದ ಪ್ರಶ್ನೆ ಇದೇ.

2004ರಲ್ಲಿ ಒಬ್ಬ ಅನಾಮಧೇಯ ಕಲೆಗಾರ ತನ್ನ ತಾಯಿಯ ಕ್ಯಾನ್ಸರಿನ ಕಥೆಯನ್ನು ಜಾಲದಲ್ಲಿ ಬರೆಯತೊಡಗಿದ. ಆಸ್ಪತ್ರೆಯ ಕಾಯುವಿಕೆ, ಮಕ್ಕಳ ನಡುವಣ ಮನಸ್ತಾಪ, ರೋಗಿಯ ಸಿಡುಕು, ಒಂದು ಗಳಿಗೆಯ ಆಸೆ, ಮರುಗಳಿಗೆಯ ನಿರಾಸೆ, ಎಲ್ಲವನ್ನೂ ಬಣ್ಣ ಬಳಿಯದೆ ಹೇಳಿದ. ಇಂಥ ವಸ್ತುವನ್ನು ನಗೆಯ ಪುಟಕ್ಕೆ ಯಾವ ಸಂಪಾದಕ ಒಪ್ಪುತ್ತಿದ್ದ? ಆದರೆ ಅದೇ ದುಃಖವನ್ನುಂಡ ಮನೆಗಳವರು ಅದನ್ನು ಕೈಯಿಂದ ಕೈಗೆ ದಾಟಿಸಿದರು. 2005ರಲ್ಲಿ ಐಸ್ನರ್ ಪ್ರಶಸ್ತಿಗಳಲ್ಲಿ ಜಾಲದ ಕೃತಿಗೆಂದು ಮೊದಲ ಬಾರಿ ಏರ್ಪಟ್ಟ ಬಹುಮಾನ ಈ ‘ಮಾಮ್ಸ್ ಕ್ಯಾನ್ಸರ್’ಗೆ ಸಂದಿತು. ಬರೆದವರು ಕ್ಯಾಲಿಫೋರ್ನಿಯದ ಬ್ರಯನ್ ಫೀಸ್. 2017ರ ಅಕ್ಟೋಬರಿನ ಕಾಳ್ಗಿಚ್ಚಿನಲ್ಲಿ ಅವರ ಮನೆ ಸುಟ್ಟು ಬೂದಿಯಾಯಿತು. ಸಾಮಗ್ರಿಯೆಲ್ಲ ಉರಿದುಹೋಗಿದ್ದರೂ, ಕೈಗೆ ಸಿಕ್ಕ ಸಾಧಾರಣ ಕಾಗದ ಲೇಖನಿಗಳಿಂದ ಕೆಲವೇ ದಿನಗಳಲ್ಲಿ 18 ಪುಟಗಳ ‘ಎ ಫೈರ್ ಸ್ಟೋರಿ’ಯನ್ನು ಬರೆದು ಅವರು ಜಾಲದಲ್ಲಿ ಇಟ್ಟರು. ಬೂದಿ ಆರುವ ಮೊದಲೇ ಅನುಭವ ಚಿತ್ರವಾಯಿತು.

ಕೆನಡಾದ ಕೇಟ್ ಬೀಟನ್ ‘ಹಾರ್ಕ್! ಎ ವೇಗ್ರಂಟ್’ ಎಂಬ ಮಾಲೆಯಲ್ಲಿ ಇತಿಹಾಸದ ದೊಡ್ಡವರನ್ನು ಚುಡಾಯಿಸಿ ಹೆಸರಾದವರು. ಕಾಲೇಜಿನ ಸಾಲ ತೀರಿಸಲು ಆಲ್ಬರ್ಟಾದ ಎಣ್ಣೆಮರಳಿನ ಗಣಿಗಳಲ್ಲಿ ದುಡಿದ ದಿನಗಳನ್ನು ಕುರಿತು 2014ರಲ್ಲಿ ಒಂದು ಸಣ್ಣ ಚಿತ್ರಕಥೆಯನ್ನು ಜಾಲದಲ್ಲಿ ಬರೆದರು. ಗಂಡಸರೇ ತುಂಬಿದ ಶಿಬಿರಗಳಲ್ಲಿ ಒಬ್ಬ ಹೆಣ್ಣುಮಗಳು ಕಂಡ ಒಂಟಿತನ, ಹಿಂಸೆ, ಹಾಗೆಯೇ ಅಲ್ಲಲ್ಲಿ ಕಂಡ ಕನಿಕರ ಅದರ ವಸ್ತು. ಅದು ಬೆಳೆದು 2022ರಲ್ಲಿ ‘ಡಕ್ಸ್’ ಎಂಬ ಮಹತ್ತ್ವದ ಆತ್ಮಕಥನವಾಯಿತು. ಕಲಾಶಾಲೆಯ ವಿದ್ಯಾರ್ಥಿಯಾಗಿದ್ದಾಗ ಎನ್. ಡಿ. ಸ್ಟೀವನ್‌ಸನ್ 2012ರಲ್ಲಿ ಆರಂಭಿಸಿದ ‘ನಿಮೋನಾ’ 2015ರಲ್ಲಿ ಪುಸ್ತಕವಾಗಿ, ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರಶಸ್ತಿಯ ಅಂತಿಮ ಪಟ್ಟಿಯನ್ನು ಮುಟ್ಟಿತು. ಕಾಲೇಜಿನ ತರುಣರು ಬರೆದುದನ್ನು ಕಾಲೇಜಿನ ತರುಣರ ಬರಹವೆಂದು ಬದಿಗೊತ್ತಬಾರದೆಂಬುದಕ್ಕೆ ಇದು ಸಾಕ್ಷಿ.

ಭಾರತದಲ್ಲಿಯೂ ಈ ಕಲೆಗೆ ನೆಲೆಯಾಗಿದೆ. ದಂತವೈದ್ಯ ಓದಿದ ರೋಹನ್ ಚಕ್ರವರ್ತಿ ‘ಗ್ರೀನ್ ಹ್ಯೂಮರ್’ನಲ್ಲಿ ಕಾಡುಪ್ರಾಣಿಗಳ ಬಾಯಿಂದ ಮನುಷ್ಯನ ಮೌಢ್ಯವನ್ನು ನಗುತ್ತಾರೆ. ಬೆಂಗಳೂರಿನ ಆರತಿ ಪಾರ್ಥಸಾರಥಿ ‘ರಾಯಲ್ ಎಕ್ಸಿಸ್ಟೆನ್ಷಿಯಲ್ಸ್’ನಲ್ಲಿ ಹಳೆಯ ಅರಮನೆಗಳ ಕಿರುಚಿತ್ರಗಳಿಗೆ ಇಂದಿನ ಮಾತು ತೊಡಿಸಿ, ಆ ರೇಷ್ಮೆಯುಡುಗೆಯ ಮಂದಿಯಿಂದ ಇಂದಿನ ಅಸಮಾನತೆಯನ್ನು ಆಡಿಸುತ್ತಾರೆ. ರಚಿತಾ ತನೇಜಾ 2014ರಲ್ಲಿ ಆರಂಭಿಸಿದ ‘ಸ್ಯಾನಿಟರಿ ಪ್ಯಾನೆಲ್ಸ್’ ಕಡ್ಡಿಗೆರೆಗಳ ಚಿತ್ರ. ಆದರೆ ಅದರ ಮಾತು ಮೊನಚು. ನ್ಯಾಯಾಲಯದ ನಡವಳಿಯನ್ನು ಕುರಿತ ಚಿತ್ರಗಳಿಗಾಗಿ 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೆ ನ್ಯಾಯಾಂಗನಿಂದನೆಯ ನೋಟೀಸು ಕಳುಹಿಸಿತು. 2024ರಲ್ಲಿ ಜಿನೀವಾದಿಂದ ಕೊಡಲಾಗುವ ಕೋಫಿ ಅನ್ನನ್ ಹೆಸರಿನ ಧೈರ್ಯದ ಪ್ರಶಸ್ತಿ, ಹಾಂಗ್‌ಕಾಂಗಿನ ಜುನ್‌ಜಿಯವರ ಜೊತೆಗೆ, ಅವರಿಗೂ ಸಂದಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಪತ್ರಿಕೆಯ ವ್ಯಂಗ್ಯಚಿತ್ರಕಾರನ ಬೆನ್ನ ಹಿಂದೆ ಸಂಪಾದಕನಿರುತ್ತಾನೆ, ಸಂಸ್ಥೆಯಿರುತ್ತದೆ, ವಕೀಲರಿರುತ್ತಾರೆ. ಬಾಗಿಲು ಕಾಯುವವನು ಅಡ್ಡಿಯಾಗಿದ್ದಂತೆ ಆಸರೆಯೂ ಆಗಿದ್ದ. ಜಾಲದ ಕಲೆಗಾರ ಅಂಗಳದಲ್ಲಿ ಒಬ್ಬನೇ ನಿಂತವನು. ಕಲ್ಲು ಬಂದರೂ ಹೂ ಬಂದರೂ ನೇರವಾಗಿ ಮೈಗೇ ತಾಗುತ್ತದೆ.

ಹೊಸ ಯಜಮಾನರು

ಯಜಮಾನನಿಲ್ಲದ ಮನೆ ಬಹುಕಾಲ ಹಾಗೆಯೇ ಉಳಿಯುವುದು ಅಪರೂಪ. ದಕ್ಷಿಣ ಕೊರಿಯದ ಕಥೆ ಇದಕ್ಕೆ ಉದಾಹರಣೆ. 1997ರ ಆರ್ಥಿಕ ಮುಗ್ಗಟ್ಟಿನ ಅನಂತರ ಅಲ್ಲಿ ಅಚ್ಚಿನ ಚಿತ್ರಕಥೆ ಸೊರಗಿತು. ಕಾಂಗ್ ಪುಲ್ ಎಂಬ ಕಲೆಗಾರ 2003ರಲ್ಲಿ ದಾವುಮ್ ಎಂಬ ಜಾಲತಾಣದಲ್ಲಿ ಮೇಲಿಂದ ಕೆಳಕ್ಕೆ ಇಳಿಯುವ ದೀರ್ಘ ಪ್ರೇಮಕಥೆಯನ್ನು ಬರೆದರು; ನೇವರ್ ಎಂಬ ಇನ್ನೊಂದು ಸಂಸ್ಥೆಯೂ ಬೇಗನೆ ಈ ಕ್ಷೇತ್ರಕ್ಕೆ ಇಳಿಯಿತು. ಇದೇ ‘ವೆಬ್‌ಟೂನ್’. ಫೋನು ಎಲ್ಲರ ಕೈಗೆ ಬಂದಾಗ ಹೆಬ್ಬೆರಳಿನಿಂದ ಜಾರಿಸಿ ಓದುವುದಕ್ಕೆ ಇದಕ್ಕಿಂತ ಒಗ್ಗುವ ರೂಪ ಬೇರೆ ಇರಲಿಲ್ಲ. ಕಚೇರಿಯೊಂದರ ಕಿರಿಯ ನೌಕರನ ಬಾಳನ್ನು ಕುರಿತ ಯೂನ್ ತೇ-ಹೋ ಅವರ ‘ಮಿಸೇಂಗ್’ ಜಾಲದಲ್ಲಿ ಮನೆಮಾತಾಗಿ 2014ರಲ್ಲಿ ದೂರದರ್ಶನದ ಕಥಾಮಾಲೆಯಾಯಿತು. ಅದೇ ವರ್ಷ ನೇವರಿನ ತಾಣ ಇಂಗ್ಲಿಷಿಗೂ ಬಂದಿತು. ಅಲ್ಲಿ 2018ರಿಂದ ಬಂದ, ನ್ಯೂಜಿಲೆಂಡಿನ ರೇಚಲ್ ಸ್ಮೈತರ ‘ಲೋರ್ ಒಲಿಂಪಸ್’ ಗ್ರೀಕ್ ಪುರಾಣವನ್ನು ಹೊಸದಾಗಿ ಹೇಳಿ ಸತತವಾಗಿ ಮೂರು ಬಾರಿ ಐಸ್ನರ್ ಪ್ರಶಸ್ತಿ ಪಡೆಯಿತು. 2024ರ ಜೂನ್ 27ರಂದು ವೆಬ್‌ಟೂನ್ ಸಂಸ್ಥೆಯ ಷೇರುಗಳು ಅಮೆರಿಕದ ನಾಸ್‌ಡಾಕ್ ಪೇಟೆಯಲ್ಲಿ, 21 ಡಾಲರಿನ ಬೆಲೆಗೆ, ಮಾರಾಟಕ್ಕೆ ಬಂದವು. ನೋಟುಪುಸ್ತಕದ ಅಂಚಿನಲ್ಲಿ ಹುಟ್ಟಿದ ಕಲೆ ಷೇರುಪೇಟೆಯನ್ನು ಮುಟ್ಟಿತು.

ಇದರಿಂದ ಅನೇಕ ಕಲೆಗಾರರಿಗೆ ಸಂಬಳ ಬಂದಿತು, ನಿಜ. ಆದರೆ ವಾರಕ್ಕೊಂದು ಕಂತು, ಕಂತಿಗೆ ಹತ್ತಾರು ಚೌಕ, ಎಲ್ಲಕ್ಕೂ ಬಣ್ಣ. ಒಂದು ವಾರ ತಪ್ಪಿದರೆ ಓದುಗ ಬೇರೆಡೆ ಹೋದಾನೆಂಬ ಭಯ. ‘ಸೋಲೋ ಲೆವೆಲಿಂಗ್’ನ ಚಿತ್ರಗಾರ ಜಾಂಗ್ ಸುಂಗ್-ರಾಕ್ 2022ರ ಜುಲೈನಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರಿಗೆ ಮೊದಲಿನಿಂದಲೂ ಅನಾರೋಗ್ಯವಿತ್ತು. ದುಡಿಮೆಯೇ ಮರಣದ ಕಾರಣವೆಂದು ಹೇಳಲಾಗದು. ಆದರೆ ಅವರ ಸಾವು ಈ ಉದ್ಯಮದ ದುಡಿಮೆಯ ಕಟುತ್ವವನ್ನು ಎಲ್ಲರೂ ಚರ್ಚಿಸುವಂತೆ ಮಾಡಿತು.

ಈಚಿನ ಆತಂಕ ಮತ್ತೊಂದು. ಚಿತ್ರ ಬರೆಯುವ ಯಂತ್ರಗಳು ಬಂದಿವೆ. ಅವು ಕಲಿತುದು ಮನುಷ್ಯರು ಜಾಲದಲ್ಲಿ ನಂಬಿ ಇಟ್ಟ ಚಿತ್ರಗಳನ್ನು ನೋಡಿ. ‘ಸಾರಾಸ್ ಸ್ಕ್ರಿಬಲ್ಸ್’ನ ಕರ್ತೃ ಸಾರಾ ಆಂಡರ್ಸನ್ ಇನ್ನಿಬ್ಬರು ಕಲೆಗಾರರೊಡನೆ ಸೇರಿ, ತಮ್ಮ ಚಿತ್ರಗಳನ್ನು ಅನುಮತಿಯಿಲ್ಲದೆ ಬಳಸಿಕೊಂಡರೆಂದು 2023ರ ಜನವರಿಯಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಕೃತಿಸ್ವಾಮ್ಯದ ಮುಖ್ಯ ಆಪಾದನೆಗಳ ವಿಚಾರಣೆ ಮುಂದುವರಿಯಲೆಂದು 2024ರ ಆಗಸ್ಟಿನಲ್ಲಿ ನ್ಯಾಯಾಧೀಶರು ಹೇಳಿದರು. ಬಾಗಿಲಿಲ್ಲದ ಮನೆಗೆ ನೆಂಟನಂತೆ ಕಳ್ಳನೂ ನುಗ್ಗಬಹುದೆಂಬ ಭಯ ಕಲೆಗಾರರನ್ನು ಈಗ ಕಾಡುತ್ತಿದೆ.

ಕಾಪಿಡುವವರು ಯಾರು?

ಆರಿಸುವ ಕೆಲಸವನ್ನು ಓದುಗ ವಹಿಸಿಕೊಂಡ. ಅನ್ನದ ದಾರಿಯೂ ಅಷ್ಟಿಷ್ಟು ತೆರೆಯಿತು. ಉಳಿದುದು ಮೂರನೆಯ ಕೆಲಸ. ಇದಕ್ಕೆ ಮಾತ್ರ ಇನ್ನೂ ಸರಿಯಾದ ಉತ್ತರ ದೊರೆತಿಲ್ಲ.

‘ಸ್ಮ್ಯಾಕ್ ಜೀವ್ಸ್’ ಎಂಬ ತಾಣ 2005ರಿಂದ ಹೊಸ ಕಲೆಗಾರರಿಗೆ ಉಚಿತವಾಗಿ ಸ್ಥಳ ಕೊಟ್ಟಿತ್ತು. ಶಾಲಾಮಕ್ಕಳಿಂದ ಹಿಡಿದು ನುರಿತವರವರೆಗೆ ಅಸಂಖ್ಯ ಮಂದಿ ತಮ್ಮ ಮೊದಲ ಕಥೆಯನ್ನು ಅಲ್ಲಿ ಬರೆದರು. ತಾಣ ಬೇರೆಯವರ ಕೈಗೆ ಹೋಯಿತು. 2020ರ ಡಿಸೆಂಬರ್ 31ರಂದು ಮುಚ್ಚಿಯೇ ಹೋಯಿತು. ಚಲಿಸುವ ಚಿತ್ರಕಥೆಗಳಿಗೆ ಆಧಾರವಾಗಿದ್ದ ಫ್ಲ್ಯಾಶ್ ಎಂಬ ತಂತ್ರಾಂಶವನ್ನು ಅದರ ಒಡೆಯರು ಕೈಬಿಟ್ಟುದೂ ಅದೇ ದಿನ. ಮೊದಲ ತಲೆಮಾರಿನ ‘ಯೂಸರ್ ಫ್ರೆಂಡ್ಲಿ’ಯ ತಾಣ 2022ರಲ್ಲಿ ಕಣ್ಮರೆಯಾಯಿತು. ಪುಸ್ತಕದಂಗಡಿ ಮುಚ್ಚಿದರೂ ಕೊಂಡವರ ಮನೆಯ ಪುಸ್ತಕಗಳು ಉಳಿದಿರುತ್ತವೆ. ಜಾಲತಾಣ ಮುಚ್ಚಿದರೆ ಅಂಗಡಿ, ಪುಸ್ತಕ, ಕೊಂಡವನ ಕಪಾಟು ಮೂರೂ ಒಟ್ಟಿಗೇ ಹೋಗುತ್ತವೆ.

ಕೆಲವರು ಎಚ್ಚತ್ತಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ಜಾಲಚಿತ್ರಕಥೆಗಳ ಪ್ರತ್ಯೇಕ ಸಂಗ್ರಹವೊಂದನ್ನು ಜನರಿಗೆ ತೆರೆಯಿತು. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದಲೂ ಜಾಲದ ಪುಟಗಳ ನಕಲನ್ನು ತೆಗೆದಿಡುತ್ತ ಬಂದಿದೆ; ಅಳಿದುಹೋದ ಹಲವು ಕಥೆಗಳ ಚೂರುಪಾರು ಅಲ್ಲಿ ಸಿಗುತ್ತದೆ. ನಮ್ಮ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಕೆಲವು ಗ್ರಂಥಾಲಯಗಳಿಗೂ ಒಪ್ಪಿಸಬೇಕೆಂದು 1954ರ ಕಾಯಿದೆ ವಿಧಿಸುತ್ತದೆ. ಆದರೆ ಅದು ಅಚ್ಚಿನ ಕಾಲದ ಕಾಯಿದೆ. ಫೋನಿನ ಪರದೆಯ ಮೇಲೆ ಹುಟ್ಟಿ ಅಲ್ಲಿಯೇ ಮುಗಿಯುವ ಕೃತಿಯನ್ನು ಕಂಡುದಲ್ಲ.

ಈ ಮಾತು ನಮಗೂ ಸೇರಿದ್ದು. ‘ಕೊರವಂಜಿ’ 1967ರಲ್ಲಿ ನಿಂತಿತು. ಆದರೂ ಅದರ ಹಳೆಯ ಸಂಚಿಕೆಯನ್ನು ಕೈಯಲ್ಲಿ ಹಿಡಿದು ಅಂದಿನ ನಗೆಯನ್ನು ಇಂದೂ ನಗಬಹುದು. ಯಾರೋ ಒಬ್ಬರು ಅದನ್ನು ಕಪಾಟಿನಲ್ಲಿ ಜೋಪಾನ ಮಾಡಿದ್ದರಿಂದ. ಇಂದು ಕನ್ನಡದಲ್ಲಿ ಚಿತ್ರ ಬರೆದು ಮಾತು ಸೇರಿಸುವ ತರುಣರು ತಮ್ಮ ಕೆಲಸವನ್ನು ಫೋನಿನಿಂದ ಫೋನಿಗೆ ಹರಿಯಬಿಡುತ್ತಾರೆ. ಮೂರು ಕೈ ದಾಟುವಷ್ಟರಲ್ಲಿ ಬರೆದವರ ಹೆಸರು ಕತ್ತರಿಸಿಹೋಗಿರುತ್ತದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಚಿತ್ರವೂ ಕಾಣದಾಗುತ್ತದೆ. ಅದರಲ್ಲಿ ಮುಂದಿನ ಲಕ್ಷ್ಮಣರು ಇದ್ದರೆ ನಮಗೆ ಗೊತ್ತಾಗುವುದಾದರೂ ಹೇಗೆ?

ಇದಕ್ಕೆ ಸರ್ಕಾರವನ್ನೋ ಸಂಸ್ಥೆಯನ್ನೋ ಕಾಯುತ್ತ ಕುಳಿತರೆ ಕಾಲ ಮೀರೀತು. ಕಾಲೇಜುಗಳ ಕನ್ನಡ ಸಂಘಗಳು, ಗ್ರಂಥಾಲಯಗಳು, ಅಧ್ಯಾಪಕರು ಸಣ್ಣದಾಗಿಯಾದರೂ ಆರಂಭಿಸಬಹುದಾದ ಕೆಲಸ ಇದು. ಒಳ್ಳೆಯ ಚಿತ್ರಕಥೆಯೊಂದು ಕಣ್ಣಿಗೆ ಬಿದ್ದರೆ ಬರೆದವರ ಹೆಸರನ್ನೂ ದಿನಾಂಕವನ್ನೂ ಗುರುತು ಹಾಕಿಕೊಳ್ಳುವುದು. ಅವರ ಒಪ್ಪಿಗೆ ಪಡೆದು ಒಂದು ಪ್ರತಿಯನ್ನು ತೆಗೆದಿಡುವುದು. ವರ್ಷಕ್ಕೊಮ್ಮೆ ಆಯ್ದವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚುಹಾಕುವುದು. ಬಾಗಿಲು ಕಾಯುವವನು ಬೇಡವೆಂದು ಕಲೆಗಾರರು ಹೊರಟುಬಂದುದು ಸರಿಯೆ. ಆದರೆ ಅವನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಉಗ್ರಾಣದ ಬೀಗದ ಕೈ ಈಗ ಯಾರ ಬಳಿಯೂ ಇಲ್ಲ. ಓದುಗರಾದ ನಾವೇ ಅದನ್ನು ಕೈಗೆತ್ತಿಕೊಳ್ಳಬೇಕಾಗಿದೆ.